ಮೂಲದಂತೆ

ಹನ್ನೊಂದು ಗಂಟೆಗೆ ಬರುತ್ತೇನೆ ಎಂದು ಟೀಚರು ಫೋನಿನಲ್ಲಿ ಹೇಳಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು; ಒಂದು ಪ್ರಶ್ನೆ ಕೇಳಿದ್ದರೆ ಸಾಕು, ಉಳಿದದ್ದನ್ನು ದನಿಯೇ ಒಪ್ಪಿಸಿಬಿಡುತ್ತಿತ್ತು. ‘ಆಯ್ತು, ಬನ್ನಿ’ ಎಂದಷ್ಟೇ ಹೇಳಿ ಫೋನಿಟ್ಟಿದ್ದ. ಈಗ ಒಂಬತ್ತೂ ಮುಕ್ಕಾಲು. ಗ್ರಂಥಾಲಯದ ಮೂರನೇ ಮಹಡಿಯ ಈ ಕೋಣೆಗೆ ಅವನೇ ಮೊದಲು ಬಂದವನು. ಕಿಟಕಿ ತೆರೆದ, ಮುಚ್ಚಿದ, ಮತ್ತೆ ಅರ್ಧ ತೆರೆದ. ಕೀಲಿಮಣೆಯನ್ನು ತಲೆಕೆಳಗು ಮಾಡಿ ತಟ್ಟಿದ. ಬಿಸ್ಕತ್ತಿನ ಪುಡಿ, ಒಂದು ಉಗುರಿನ ಚೂರು, ಯಾರದೋ ಬಿಳಿ ಕೂದಲು ಮೇಜಿನ ಮೇಲೆ ಬಿದ್ದವು. ಕೂದಲು ತನ್ನದೇ ಇರಬೇಕು ಎಂದುಕೊಂಡು ಊದಿದ. ಫೈಲು ಒಯ್ದವರು ವಾಪಸ್ ಬರುವುದು ಕಡಿಮೆ. ಬಂದರೆ ತಪ್ಪು ಹಿಡಿದುಕೊಂಡೇ ಬರುತ್ತಾರೆ.

ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳುವ ಹಾಗೆ ಪುಸ್ತಕಗಳನ್ನು ಹದ ಮಾಡಿ ಕೊಡುವುದು ಈ ಕೋಣೆಯ ಕೆಲಸ. ಇಂಗ್ಲಿಷ್ ಅಕ್ಷರದ ಪುಸ್ತಕಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಸರಿಮಾಡುವುದು ಅವನ ಪಾಲಿಗೆ ಬಂದು ಹತ್ತೊಂಬತ್ತು ವರ್ಷ. ಓದುವ ಯಂತ್ರಕ್ಕೆ ಒಂದು ಕೆಟ್ಟ ಚಾಳಿ. ಇಡೀ ಪದ ದೊಡ್ಡಕ್ಷರದಲ್ಲಿದ್ದರೆ ಅದು ಪದವೆಂದೇ ನಂಬುವುದಿಲ್ಲ. ಯಾವುದೋ ಸಂಸ್ಥೆಯ ಗಿಡ್ಡ ಹೆಸರಿರಬೇಕೆಂದು ಒಂದೊಂದೇ ಅಕ್ಷರ ಕೂಗುತ್ತದೆ. ಮುದ್ರಕ ಅಂದಕ್ಕೆಂದು ಅಧ್ಯಾಯದ ತಲೆಗೆ ದೊಡ್ಡದಾಗಿ ‘ಲವ್’ ಎಂದು ಹಾಕಿದ್ದರೆ ಕೇಳುವವರಿಗೆ ಸಿಗುವುದು ಎಲ್, ಓ, ವಿ, ಇ. ಹಾಗಾಗಿ ಉಬ್ಬಿದ್ದನ್ನೆಲ್ಲ ಮೊದಲು ತಗ್ಗಿಸಬೇಕು. ಆಮೇಲೆ ವಾಕ್ಯದ ಮೊದಲಕ್ಷರ, ಜನರ ಹೆಸರು, ಊರಿನ ಹೆಸರು ಇವನ್ನು ಒಂದೊಂದಾಗಿ ಕೈಯಾರೆ ಎತ್ತಬೇಕು. ತಗ್ಗಿಸುವುದಕ್ಕೆ ಕೋಣೆಯವರು ಇಸ್ತ್ರಿ ಹಾಕುವುದು ಎನ್ನುತ್ತಾರೆ. ಅವನ ಹೆಸರೂ ಹಾಗೇ ಇಸ್ತ್ರಿ ಎಂದಾಗಿದೆ. ಸಂಬಳದ ದಿನ ಬಿಟ್ಟರೆ ನಿಜವಾದ ಹೆಸರನ್ನು ಯಾರೂ ಕರೆಯುವುದಿಲ್ಲ. ಮನೆಮಾತಿನ ಲಿಪಿಯಲ್ಲಿ ಈ ರಗಳೆಯೇ ಇಲ್ಲ ಎಂದು ಅವನು ಆಗಾಗ ಹೇಳುವುದುಂಟು. ನಮ್ಮಲ್ಲಿ ರಾಜನೂ ರದ್ದಿಯೂ ಒಂದೇ ಎತ್ತರ, ಯಾರನ್ನೂ ಎತ್ತಬೇಕಾಗಿಲ್ಲ, ಇಳಿಸಬೇಕಾಗಿಲ್ಲ. ಈ ಮಾತಿಗೆ ಮೊದಲು ನಗುತ್ತಿದ್ದವರು ಈಗ ನಗುವುದಿಲ್ಲ.

ಟೀಚರು ಮೊದಲ ಸಲ ಬಂದದ್ದು ಎರಡು ತಿಂಗಳ ಹಿಂದೆ. ಬಟ್ಟೆಯ ಚೀಲದಲ್ಲಿ ಐದು ನೋಟುಬುಕ್ಕು ತಂದಿದ್ದರು. ಅರವತ್ತೈದರ ಆಸುಪಾಸು, ನೆಟ್ಟಗಿನ ಬೆನ್ನು, ಕುರ್ಚಿಯ ತುದಿಯಲ್ಲಿ ಕೂರುವ ಅಭ್ಯಾಸ. ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಕಣ್ಣು ಹೋಗಿ ಇಪ್ಪತ್ತು ವರ್ಷವಾಯಿತೆಂದು, ಕನ್ನಡಕ ಕಳೆದುಹೋಯಿತು ಎನ್ನುವಷ್ಟೇ ಸಲೀಸಾಗಿ ಹೇಳಿದರು. ನೋಟುಬುಕ್ಕು ತೀರಿಹೋದ ಯಜಮಾನರವು, ಡ್ರಾಯಿಂಗ್ ಬೋರ್ಡಿನ ಹಿಂದೆ ಕೈಗೆ ಸಿಕ್ಕವು. ಅವರು ಕಟ್ಟಡ, ಸೇತುವೆಗಳ ನಕ್ಷೆ ಬರೆಯುತ್ತಿದ್ದವರು. ಮನೆಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅದನ್ನು ನಮ್ಮ ಲಿಪಿಗೆ ತಿರುಗಿಸಬೇಡಿ, ಅವರು ಹಾಕಿದ ಅಕ್ಷರವೇ ಇರಲಿ, ಯಂತ್ರ ಮುಗ್ಗರಿಸಿದರೂ ಪರವಾಗಿಲ್ಲ ಎಂದರು ಟೀಚರು. ಎದ್ದು ಹೊರಡುವಾಗ ಇನ್ನೊಂದು ಮಾತು. ತಮ್ಮ ಯಂತ್ರದಲ್ಲಿ ದೊಡ್ಡಕ್ಷರ ಬಂದ ಕಡೆ ದನಿ ಒಂದು ಮೆಟ್ಟಿಲು ಏರುವ ಹಾಗೆ ಇಟ್ಟುಕೊಂಡಿದ್ದಾರಂತೆ. ಹೆಚ್ಚಿನವರು ಅದನ್ನು ಕಿರಿಕಿರಿಯೆಂದು ತೆಗೆದುಹಾಕುತ್ತಾರೆ. ಟೈಪಿಂಗ್ ಕಲಿಸಿದವರ ಶಿಸ್ತು, ಕಣ್ಣು ಹೋದರೂ ಹೋಗಲಿಲ್ಲ ಎಂದು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಅವರು ಮೆಟ್ಟಿಲಿಳಿದ ಮೇಲೆ ಮೊದಲ ನೋಟುಬುಕ್ಕು ಬಿಚ್ಚಿದಾಗ ನಗು ಬಂದಿತ್ತು. ಎಲ್ಲ ದೊಡ್ಡಕ್ಷರ. ನಕ್ಷೆಯ ಮೂಲೆಯಲ್ಲಿ ‘ಅಡುಗೆಮನೆ’, ‘ಮೆಟ್ಟಿಲು’, ‘ನೀರಿನ ಕೊಳವೆ’ ಎಂದು ಬರೆಯುವವರ ಕೈ. ದಿನಚರಿಯಲ್ಲೂ ಅದೇ ನೆಟ್ಟನೆಯ, ಒಂದೇ ಎತ್ತರದ, ಅಳೆದು ಕೂರಿಸಿದ ಅಕ್ಷರ. ಅಚ್ಚಿನ ಹಾಗಿದ್ದುದರಿಂದ ಸ್ಕ್ಯಾನರು ಒಂದು ತಪ್ಪೂ ಇಲ್ಲದೆ ಓದಿಕೊಂಡಿತು. ಹದಿನೇಳು ವರ್ಷದ ದಿನಗಳು, ದಿನಕ್ಕೆ ಎರಡು ಮೂರು ಸಾಲು. ಪೆನ್ಸಿಲು ಎಷ್ಟು ಇಂಚು ಉಳಿದಿದೆ, ಛಾವಣಿ ಎಲ್ಲಿ ಸೋರುತ್ತಿದೆ, ಮೇಲಧಿಕಾರಿ ಏನೆಂದ. ಅವನು ಎಲ್ಲಕ್ಕೂ ಇಸ್ತ್ರಿ ಹಾಕಿ, ಹೆಸರುಗಳನ್ನು ಎತ್ತುತ್ತ ಹೋದ. ಹುಡುಕುವ ಕಷ್ಟವಿರಲಿಲ್ಲ, ಆ ಮನುಷ್ಯನ ಬದುಕಿನಲ್ಲಿ ಹೆಸರುಗಳೇ ಕಡಿಮೆ. ಮೂರನೇ ದಿನ ಒಂದು ಸಾಲಿನಲ್ಲಿ ಕೈ ನಿಂತಿತು. ‘ಎರಡನೇ ಶನಿವಾರ. ಮೂರಕ್ಕೆ ಹೊರಟೆ. ನಾಲ್ಕಕ್ಕೆ ತೃಪ್ತಿ. ಐದೂವರೆಗೆ ವಾಪಸ್.’ ಮುಂದಿನ ತಿಂಗಳು ಮತ್ತೆ ಎರಡನೇ ಶನಿವಾರ. ‘ಕೊನೆಯ ಸ್ಟಾಪಿನಲ್ಲಿ ಕಾದೆ. ಇವತ್ತು ತೃಪ್ತಿ ಇಲ್ಲ.’ ಅದರ ಮುಂದಿನ ತಿಂಗಳು, ‘ಮಳೆ. ಆದರೂ ತೃಪ್ತಿ ಸಿಕ್ಕಿತು.’ ಅವನು ಕುರ್ಚಿಗೆ ಒರಗಿದ. ಹಿಂದೆ ಹೋಗಿ ನೋಡಿದ, ಮುಂದೆ ಹೋಗಿ ನೋಡಿದ. ನಲವತ್ತೊಂದು ಸಲ. ಕೆಲವು ಕಡೆ ಅದು ನಿಜಕ್ಕೂ ಬರೀ ತೃಪ್ತಿ, ಊಟದ್ದು, ಕೆಲಸದ್ದು. ಆದರೆ ಎರಡನೇ ಶನಿವಾರಗಳಂದು ನಾಲ್ಕು ಗಂಟೆಗೆ ಸರಿಯಾಗಿ ಬಸ್ ಸ್ಟಾಪಿನಲ್ಲಿ ಸಿಗುವ ತೃಪ್ತಿ ಯಾವುದು ಎಂದು ಊಹಿಸಲು ಪಂಡಿತನಾಗಬೇಕಿರಲಿಲ್ಲ. ಅಯ್ಯೋ ಪುಣ್ಯಾತ್ಮ, ಎಂದುಕೊಂಡ. ಬಚ್ಚಿಟ್ಟೆಯಲ್ಲ, ಇನ್ನೊಂದು ಸ್ವಲ್ಪ ಚೆನ್ನಾಗಿ ಬಚ್ಚಿಡಬಾರದಿತ್ತೆ.

ದೊಡ್ಡಕ್ಷರ ಹಾಕಿದರೆ ಟೀಚರ ಮನೆಯಲ್ಲಿ ಯಂತ್ರದ ದನಿ ಏರುತ್ತದೆ. ಹಾಕದಿದ್ದರೆ ಏರುವುದಿಲ್ಲ. ಕೇಳುವುದು ಅಷ್ಟೇ, ಅರ್ಧ ಕ್ಷಣದ ಸ್ವರ. ಒಂದು ಹೆಂಗಸು ವಿಧವೆಯಾದ ನಾಲ್ಕು ತಿಂಗಳಿಗೆ, ಒಬ್ಬಳೇ ಕೂತು, ಗಂಡನ ಬಾಯಿಂದಲೇ ಎಂಬಂತೆ ಇನ್ನೊಬ್ಬಳ ಹೆಸರನ್ನು ಕೇಳಬೇಕೋ ಬೇಡವೋ ಎಂಬುದು ತನ್ನ ಎಡಗೈಯ ಕಿರುಬೆರಳು ಶಿಫ್ಟ್ ಒತ್ತುವುದರ ಮೇಲೆ ನಿಂತಿದೆ ಎಂದು ಅವನಿಗೆ ಅನಿಸಿತು. ಹಾಗನಿಸಿದ್ದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ವ್ಯಾಕರಣವನ್ನು ಸಾಕ್ಷಿಗೆ ಕರೆದ. ‘ಸಿಕ್ಕಿತು’ ಎಂದಿದೆ, ‘ಸಿಕ್ಕಳು’ ಎಂದಿಲ್ಲ. ‘ಇಲ್ಲ’ ಎಂಬುದಕ್ಕೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಹೆಂಗಸಾಗಿದ್ದರೆ ಕ್ರಿಯಾಪದ ಎಲ್ಲಾದರೂ ಒಂದು ಕಡೆ ಬಾಯಿಬಿಡಬೇಕಿತ್ತು. ನಲವತ್ತೊಂದು ಕಡೆಯೂ ಬಿಟ್ಟಿಲ್ಲ. ಹಾಗಾದರೆ ಇದು ಸಾಮಾನ್ಯ ನಾಮಪದವೇ, ಅಂಕಿತನಾಮವಲ್ಲ ಎಂದು ತೀರ್ಪು ಕೊಟ್ಟುಕೊಂಡ. ತೀರ್ಪು ತನಗೇ ಒಪ್ಪಿಗೆಯಾಗಲಿಲ್ಲ. ಒಪ್ಪಿಗೆಯಾಗದ ತೀರ್ಪಿನ ಪ್ರಕಾರವೇ ಎಲ್ಲವನ್ನೂ ಚಿಕ್ಕದಾಗಿಯೇ ಬಿಟ್ಟ.

ಅಷ್ಟಕ್ಕೇ ನಿಂತಿದ್ದರೂ ಒಂದು ಬಗೆ. ಪ್ರತಿ ಫೈಲಿನ ತಲೆಯಲ್ಲಿ ಒಂದು ಟಿಪ್ಪಣಿ ಇರಬೇಕು ಎಂಬುದು ಈ ಕೋಣೆಯ ಮೊದಲ ನಿಯಮ; ಕೆಲಸಕ್ಕೆ ಸೇರಿದ ದಿನ ಮೇಲ್ವಿಚಾರಕಿ ಅವನಿಗೆ ಹೇಳಿದ ಮೊದಲ ಮಾತೂ ಅದೇ. ಏನು ಬದಲಿಸಿದ್ದೇವೆ, ಏನು ಬಿಟ್ಟಿದ್ದೇವೆ ಎಂದು ಕೇಳುವವರಿಗೆ ಹೇಳಲೇಬೇಕು, ಕಾಣದವರ ಬೆನ್ನ ಹಿಂದೆ ಏನೂ ಮಾಡಬಾರದು. ಟಿಪ್ಪಣಿಯ ನಾಲ್ಕನೇ ಸಾಲು ದೊಡ್ಡಕ್ಷರ ಚಿಕ್ಕಕ್ಷರದ್ದು. ಅಲ್ಲಿ ಎರಡೇ ಆಯ್ಕೆ, ‘ಮೂಲದಂತೆ’ ಅಥವಾ ‘ಬದಲಿಸಲಾಗಿದೆ’. ಬದಲಿಸಲಾಗಿದೆ ಎಂದು ಹಾಕಿದರೆ ಟೀಚರು ಸುಮ್ಮನಿರುವವರಲ್ಲ, ಮೂಲದಲ್ಲಿ ಹೇಗಿತ್ತು ಎಂದು ಕೇಳಿಯೇ ಕೇಳುತ್ತಾರೆ. ಅವನು ‘ಮೂಲದಂತೆ’ ಎಂದು ಹಾಕಿದ. ಹತ್ತೊಂಬತ್ತು ವರ್ಷದಲ್ಲಿ ತಪ್ಪು ಎಷ್ಟೋ ಮಾಡಿದ್ದಾನೆ, ಸುಳ್ಳು ಬರೆದಿದ್ದು ಅದೊಂದೇ.

ಇಲ್ಲ, ಬರೆದಿದ್ದು ಅದೊಂದೇ. ಓದಿದ್ದು ಬೇರೆ ಇದೆ. ಅಮ್ಮನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ವಾರ ಅಣ್ಣನ ಕಾಗದ ಬಂದಿತ್ತು. ಆಗ ಅವನಿಗೆ ಮೂವತ್ತು. ಕಿಟಕಿಯ ಪಕ್ಕ ನಿಂತು ಓದಿದ. ನಾನು ಬರುವುದಿಲ್ಲ, ಕಾಯಬೇಡ, ಆ ಮನೆಗೆ ಕಾಲಿಡುವುದಿಲ್ಲ ಎಂದು ಅಣ್ಣ ಬರೆದಿದ್ದ. ಇವನು ಓದಿದ್ದು, ಕೆಲಸ ಮುಗಿದ ಕೂಡಲೇ ಬರುತ್ತೇನೆ. ಹೊಸದಾಗಿ ಕಟ್ಟಬೇಕಾಗಲಿಲ್ಲ, ಅಣ್ಣನ ಮಾತಿನ ಧಾಟಿಯಲ್ಲೇ ಬಾಯಿಗೆ ಬಂತು. ಅಮ್ಮ ಇನ್ನೊಂದು ಸಲ ಓದು ಎಂದಳು. ಎರಡನೇ ಸಲ ಇನ್ನೂ ಚೆನ್ನಾಗಿ ಓದಿದ. ಆಮೇಲೆ ನಾಲ್ಕು ದಿನ ಅಮ್ಮ ಒಗೆದ ಬಟ್ಟೆ ಉಟ್ಟು ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಕೂತಳು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ತಲೆ ಎತ್ತುವಳು. ಬಸ್ಸು ಸಿಕ್ಕಿರಲಿಕ್ಕಿಲ್ಲ, ಎನ್ನುವನು ಇವನು. ಮಾರನೇ ವರ್ಷ ಅವಳು ಹೋದಾಗ ಬಂದಿದ್ದ ಅಣ್ಣ ನೆಂಟರ ಮುಂದೆಯೇ, ‘ಬರಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದೆನಲ್ಲ, ನೀನೇ ಓದಿ ಹೇಳಿರಬೇಕು’ ಎಂದ. ಎಲ್ಲರೂ ಇವನ ಕಡೆ ನೋಡಿದರು. ಅವನು ಒಳಗಿನಿಂದ ಇನ್ನೂ ಎರಡು ಕುರ್ಚಿ ತಂದು ಹಾಕಿದ, ಬೇಕಾಗಿರಲಿಲ್ಲ. ಅಮ್ಮ ಕಾದು ಕೂತ ನಾಲ್ಕು ದಿನವನ್ನು ಅವನು ಈವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಹೇಳಿದರೆ ಅವಳು, ‘ಒಳ್ಳೆಯದಕ್ಕೇ ಮಾಡಿದಿರಲ್ಲ’ ಎಂದು ಸಮಾಧಾನ ಮಾಡುತ್ತಾಳೆ. ಅದೇ ಅವನಿಗೆ ಬೇಡವಾಗಿತ್ತು.

ಹತ್ತು ಗಂಟೆಗೆ, ಕೋಣೆಯಲ್ಲಿ ಎಲ್ಲರೂ ಕಿವಿಯವರು ಎನ್ನುವ ಸಹೋದ್ಯೋಗಿ ಬಂದರು. ಅವರೂ ಕಣ್ಣು ಕಾಣದವರೇ, ಆದರೆ ಹುಟ್ಟಿನಿಂದ. ಮುಗಿದ ಫೈಲುಗಳನ್ನು ಕೇಳಿ ತಪ್ಪು ಹಿಡಿಯುವ ಕೆಲಸ ಅವರದು, ಅದರಲ್ಲಿ ಎತ್ತಿದ ಕೈ. ಕೋಲು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಕೂರುವುದಕ್ಕೆ ಮುಂಚೆಯೇ, ಇಸ್ತ್ರಿ ಏನೋ ಸುಡುತ್ತಿರುವ ಹಾಗಿದೆ, ಬೆಳಿಗ್ಗೆಯಿಂದ ಎಷ್ಟು ಸಲ ಕಿಟಕಿ ತೆಗೆದೆ ಎಂದು ಕೇಳಿದರು. ಕೆಳಗಿನ ಬೀದಿಯಿಂದ ಕೇಳಿಸಿತಂತೆ. ಅವನು ಸೆಕೆ ಎಂದ. ಟೀಚರ ಫೈಲು ಖಾಸಗಿ ಕೆಲಸವಾದ್ದರಿಂದ ಅದು ಇವರ ಕಿವಿಗೆ ಹೋಗಲೇಬೇಕೆಂಬ ನಿಯಮವಿರಲಿಲ್ಲ, ಅವನೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹತ್ತನೇ ನಿಮಿಷಕ್ಕೆ ಸಿಕ್ಕಿಬೀಳುತ್ತಿದ್ದ. ಊರಿಗೆ ಉಪಕಾರ ಮಾಡಬಾರದು ಎಂದು ಅವರು ಯಾವುದೋ ಬೇರೆ ಪುಸ್ತಕದ ವಿಷಯಕ್ಕೆ ಗೊಣಗಿಕೊಂಡರು. ಅವನಿಗೆ ತನಗೇ ಅಂದ ಹಾಗಾಯಿತು. ಹತ್ತೂವರೆಗೆ ಚಹಾ ಬಂತು, ಆರಿತು. ಟೀಚರು ಏನು ಕೇಳಬಹುದು ಎಂಬುದನ್ನು ಹತ್ತು ಬಗೆಯಲ್ಲಿ ಕಲ್ಪಿಸಿಕೊಂಡು ಹತ್ತಕ್ಕೂ ಉತ್ತರ ಸಿದ್ಧ ಮಾಡಿದ. ಎಲ್ಲ ಉತ್ತರಗಳೂ ‘ಯಂತ್ರದ ದೋಷ’ ಎಂದೇ ಶುರುವಾಗುತ್ತಿದ್ದವು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಟೀಚರು ಬಂದರು. ಒಬ್ಬರೇ ಬಂದಿದ್ದರು, ಕೊರಳಲ್ಲಿ ಇಯರ್‌ಫೋನು. ಕುರ್ಚಿಯ ಬೆನ್ನು ಮುಟ್ಟಿ ನೋಡಿ ತುದಿಯಲ್ಲಿ ಕೂತರು. ಮೊದಲು ಕೃತಜ್ಞತೆ ಹೇಳಿದರು. ಎಷ್ಟು ಅಚ್ಚುಕಟ್ಟಾದ ಕೆಲಸ, ಒಂದು ಚುಕ್ಕಿ ತಪ್ಪಿಲ್ಲ, ನನ್ನ ಕ್ಲಾಸಿನಲ್ಲಿ ಇದ್ದಿದ್ದರೆ ಮೊದಲ ದರ್ಜೆ ಕೊಡುತ್ತಿದ್ದೆ ಎಂದರು. ಅವನು ಪರವಾಗಿಲ್ಲ ಪರವಾಗಿಲ್ಲ ಎಂದು ಎರಡು ಸಲ ಅಂದ. ಕಿವಿಯವರ ಕೋಣೆಯ ಬಾಗಿಲು ತೆರೆದಿತ್ತು. ಎದ್ದು ಹೋಗಿ ಮುಚ್ಚಿ ಬಂದ.

‘ಒಂದು ವಿಷಯ ಖಾತ್ರಿ ಮಾಡ್ಕೊಂಡು ಹೋಗೋಣ ಅಂತ ಬಂದೆ,’ ಎಂದರು ಟೀಚರು. ‘ಒಂದು ಪದ ನಲವತ್ತೊಂದು ಸಲ ಬರುತ್ತೆ, ಎಣಿಸಿದ್ದೀನಿ. ಒಂದೇ ಒಂದು ಸಲ ದನಿ ಏರಿತು. ಎದೆ ಧಸಕ್ಕಂತು. ಹಿಂದೆ ಹೋಗಿ ಕೇಳಿದರೆ, ಅದು ವಾಕ್ಯದ ಮೊದಲನೇ ಪದ. ಹಾಗಾಗಿ ಅದು ಲೆಕ್ಕಕ್ಕಿಲ್ಲ ಅಲ್ವಾ?’

ಯಾವ ಪದ ಎಂದು ಅವನು ಕೇಳಿದ, ಗೊತ್ತಿದ್ದೂ.

‘ತೃಪ್ತಿ. ನನ್ನ ಮಗಳ ಹೆಸರು.’

ಅವನು ಮೇಜಿನ ಅಂಚು ಹಿಡಿದುಕೊಂಡ. ಟೀಚರು ಅದೇ ಸಲೀಸಾದ ದನಿಯಲ್ಲಿ ಮುಂದುವರಿಸಿದರು. ಮಗಳು ಮನೆ ಬಿಟ್ಟು ಹದಿನೇಳು ವರ್ಷ. ಜಗಳ ತಾಯಿ ಮಗಳದು, ತಪ್ಪು ಯಾರದೆಂದು ಈಗ ಕೇಳಿದರೆ ನನ್ನದೇ ಎನ್ನುತ್ತೇನೆ, ಆಗ ಹಾಗೆ ಕಾಣಲಿಲ್ಲ. ಈ ಮನೆಯಲ್ಲಿ ಇನ್ನು ಅವಳ ಹೆಸರು ಎತ್ತಬಾರದು, ನೀವೂ ಅವಳನ್ನು ನೋಡಕೂಡದು ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದರು. ಅವರು ಹೂಂ ಎಂದಿದ್ದರು. ಮತ್ತೆ ಆ ಹೆಸರು ಅವರ ಬಾಯಿಂದ ಬರಲೇ ಇಲ್ಲ. ‘ಬಂತಾ’, ‘ಊಟ ಮಾಡ್ತಾ’ ಎಂದು ಮಗಳನ್ನು ಮಗುವಿನ ಹಾಗೆ ಕೇಳುತ್ತಿದ್ದ ಮನುಷ್ಯ, ಅವಳು ದೊಡ್ಡವಳಾದ ಮೇಲೂ ‘ಬಂದಳು, ಹೋದಳು’ ಅಂದವರೇ ಅಲ್ಲ, ಅಂಥವರು ಬಾಯಿಗೆ ಬೀಗ ಹಾಕಿಕೊಂಡುಬಿಟ್ಟರು. ನೋಟುಬುಕ್ಕು ಕೈಗೆ ಸಿಕ್ಕಾಗ ಟೀಚರಿಗೆ ಒಂದು ಆಸೆ ಹುಟ್ಟಿತು. ಕದ್ದು ನೋಡಿದ್ದರೆ ಬರೆದಿರುತ್ತಾರೆ. ಬರೆದಿದ್ದರೆ ಹೆಸರಿಗೆ ದೊಡ್ಡಕ್ಷರ ಹಾಕಿಯೇ ಇರುತ್ತಾರೆ, ಯಾಕೆಂದರೆ ಅವರು ಟೈಪಿಂಗ್ ಕಲಿತದ್ದು ಇವರ ಕ್ಲಾಸಿನಲ್ಲಿ. ಶಿಫ್ಟ್ ಒತ್ತದಿದ್ದರೆ ಹೆಸರು ಹೆಸರಾಗಲ್ಲ ಎಂದು ಬೈಸಿಕೊಂಡೇ ಕಲಿತದ್ದು.

‘ನನ್ನ ಮಾತು ಮೀರಿರಲಿ ದೇವರೇ ಅಂತ ಬೇಡ್ಕೊಂಡು ಕೇಳಿದೆ,’ ಎಂದರು. ‘ಮೀರಿಲ್ಲ. ಬರೀ ಚಿಕ್ಕಕ್ಷರದ ತೃಪ್ತಿ. ಎಲ್ಲೋ ಪಾರ್ಕಲ್ಲಿ ಕೂತು ಬರ್ತಿದ್ದರು ಅಂತ ಕಾಣುತ್ತೆ. ಹದಿನೇಳು ವರ್ಷ ಆ ಮಗುವನ್ನ ನಮ್ಮ ಕಡೆಯಿಂದ ಯಾರೂ ಹೋಗಿ ನೋಡಿಲ್ಲ ಅಂತಾಯ್ತು. ಆದ್ರೂ ಒಂದು ಸಲ ನಿಮ್ಮ ಬಾಯಲ್ಲಿ ಕೇಳಿಬಿಡೋಣ ಅನ್ನಿಸ್ತು. ಮೂಲದಂತೆ ಅಂತ ನೀವು ಹಾಕಿದ್ದೀರಲ್ಲ, ಅದು ಸರಿ ತಾನೆ?’

ಸರಿ ಎಂದರೆ ಮುಗಿಯುತ್ತಿತ್ತು. ಟೀಚರು ಆಗಲೇ ಕೋಲು ಬಿಚ್ಚತೊಡಗಿದ್ದರು. ಸರಿ ಎಂಬುದು ಎರಡಕ್ಷರದ ಮಾತು, ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಅವರು ಅಳುತ್ತಿರಲಿಲ್ಲ, ಮುಖ ಯಾವುದೋ ಪಾಠ ಮುಗಿಸಿದ ಹಾಗೆ ಇತ್ತು. ಅವನಿಗೆ ಸಹಿಸಲಾಗದ್ದು ಅದೇ. ಇನ್ನೊಬ್ಬರ ಎದೆ ಒಡೆಯದಿರಲಿ ಎಂದು ತಾನು ಮಾಡುವುದೆಲ್ಲ ಅವರು ಕಾದದ್ದನ್ನೇ ಅವರಿಂದ ಕಿತ್ತುಕೊಳ್ಳುವುದಾಗುತ್ತದೆ ಎಂದು ಅವನಿಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು, ಕೆಲಸ ಹೋಗಬಹುದು ಎಂಬ ತೀರ ಸಣ್ಣ ಹೆದರಿಕೆ.

‘ಸರಿ ಅಲ್ಲ,’ ಎಂದ. ‘ಐದು ನೋಟುಬುಕ್ಕಲ್ಲೂ ಎಲ್ಲ ದೊಡ್ಡಕ್ಷರವೇ ಇದೆ. ನಕ್ಷೆ ಬರೆಯೋರ ಕೈ ಅದು, ಚಿಕ್ಕಕ್ಷರ ಒಂದೂ ಇಲ್ಲ. ಚಿಕ್ಕದು ಮಾಡಿದ್ದು ನಾನು. ಆ ಪದವನ್ನ ಬೇಕು ಅಂತಲೇ ಚಿಕ್ಕದಾಗಿ ಬಿಟ್ಟೆ.’

ಟೀಚರ ಕೋಲು ಅರ್ಧ ಬಿಚ್ಚಿದ್ದು ಹಾಗೇ ನಿಂತಿತು. ಯಾಕೆ ಎಂದು ಕೇಳಿದರು. ಬೇರೆ ಯಾರೋ ಹೆಂಗಸು ಅಂದುಕೊಂಡೆ, ನಿಮಗೆ ನೋವಾಗಬಾರದು ಅಂತ, ಎಂದು ಅವನು ನೆಲ ನೋಡಿಕೊಂಡು ಹೇಳಿದ.

‘ಅವರಿಗಾ?’ ಎಂದರು ಟೀಚರು. ‘ಬೇರೆ ಹೆಂಗಸಾ?’ ಒಂದು ನಗು ಬಂತು, ನಿಜವಾದ ನಗುವೇ, ಅರ್ಧಕ್ಕೆ ಬಂದು ಮುರಿಯಿತು. ಕೈಚೀಲದಲ್ಲಿ ಕರವಸ್ತ್ರ ಹುಡುಕಿದರು, ಸಿಗಲಿಲ್ಲ, ಅಂಗೈಯಲ್ಲೇ ಮುಖ ಒರೆಸಿಕೊಂಡರು. ಎರಡನೇ ಶನಿವಾರ ಓವರ್‌ಟೈಮು ಎನ್ನುತ್ತಿದ್ದರು ಎಂದು ತಮಗೆ ತಾವೇ ಹೇಳಿಕೊಂಡರು. ಆ ಬಸ್ಸು ಯಾವ ನಂಬರಿನದೆಂದು ಬರೆದಿದ್ದಾರೆಯೇ ಎಂದು ಕೇಳಿದರು. ಬರೆದಿದ್ದಾರೆ ಎಂದ. ನಿಮ್ಮನ್ನು ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ದೂರು ಕೊಡುತ್ತೇನೆ ಎಂದೂ ಹೇಳಲಿಲ್ಲ. ಕೋಲು ಮಡಿಸಿ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಅವನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು, ಫೈಲು ತೆಗೆಯಿರಿ, ಮೊದಲಿನಿಂದ ಒಂದೊಂದೇ ಓದಿ, ದೊಡ್ಡದೋ ಚಿಕ್ಕದೋ ನಾನು ಹೇಳುತ್ತೇನೆ ಎಂದರು. ಟಿಪ್ಪಣಿಯನ್ನೂ ತಿದ್ದಬೇಕು ಎಂದರು.

ಅವನು ಮೊದಲು ಟಿಪ್ಪಣಿ ತಿದ್ದಿದ. ಆಮೇಲೆ ಪದವನ್ನು ಹುಡುಕಿಸಿದ. ಮೊದಲನೆಯದು ಮೊದಲ ನೋಟುಬುಕ್ಕಿನ ಏಳನೇ ಪುಟದಲ್ಲಿತ್ತು. ಓದಿದ. ‘ಸೇತುವೆಯ ಡ್ರಾಯಿಂಗ್ ಮುಗಿಯಿತು. ಎಲ್ಲರೂ ಮೆಚ್ಚಿದರು. ಮನಸ್ಸಿಗೆ ತೃಪ್ತಿ ಇಲ್ಲ.’ ಇದು ಹೆಸರಲ್ಲ, ಕೆಲಸದ ವಿಷಯ, ಶನಿವಾರವೂ ಅಲ್ಲ, ಮುಂದಿನದಕ್ಕೆ ಹೋಗೋಣ ಎಂದ. ಟೀಚರು ತಾರೀಖು ಕೇಳಿದರು. ಹೇಳಿದ.

‘ಅವಳು ಹೋದ ಮಾರನೇ ದಿನ ಅದು,’ ಎಂದರು. ‘ದೊಡ್ಡದೇ ಹಾಕಿ.’